ಮಾಂಡವಿಯ ಹಡಗು, ಅಜ್ಜಾರ ಕರಡಿಗೆ

ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿಸಿಕೊಂಡು ದಯಾವತಿ ಟೀಚರ್ ನವನಗರದ ಬಾಳವ್ವನ ಮನೆಯ ಗೇಟು ತೆಗೆದಾಗ ಹನ್ನೊಂದು ಗಂಟೆಯಾಗಿತ್ತು. ಗುಜರಾತ್ ತಿರುಗಿ ಬಂದವರು ನೆರೆಯವರಿಗೆ ಸೀರೆಯನ್ನೋ ಶಾಲನ್ನೋ ತರುವುದು ವಾಡಿಕೆ. ದಯಾವತಿ ತಂದದ್ದು ಒಂದು ಮೊಳ ಉದ್ದದ, ಎಣ್ಣೆ ಕುಡಿದು ಕಂದಾದ ಹತ್ತಿ ನೂಲಿನ ಹುರಿ. ಬೇರೆ ಯಾರಿಗೆ ಕೊಟ್ಟಿದ್ದರೂ ಮುಖ ಮುರಿಯುತ್ತಿದ್ದರು. ಬಾಳವ್ವ ಮಾತ್ರ ಮೊಣಕಾಲಿನ ನೋವು ಮರೆತು ಎದ್ದು ಕೂತರು.

"ಎಲ್ಲಿಂದ ತಂದ್ರಿ ಅಕ್ಕಾರ ಇದನ್ನ?"

"ಮಾಂಡವ್ಯಾಗ ಕಟಿಗಿ ಹಡಗ ಕಟ್ಟತಾರಲ್ರಿ, ಅಲ್ಲಿಂದ. ಹಲಿಗಿ ಹಲಿಗಿ ನಡುವಿನ ಸಂದ್ಯಾಗ ಇದನ್ನ ಉಳಿ ಹಚ್ಚಿ ಬಡದು ತುರುಕತಾರ. ಆಮ್ಯಾಲ ಒಂದ್ ಹನಿ ನೀರು ಒಳಗ ಬರಂಗಿಲ್ಲ. ನಿಮಗಂತನ ಮೇಸ್ತ್ರಿ ಕಡೆ ಬೇಡಿ ತಂದೇನಿ."

ಬಾಳವ್ವ ಹುರಿಯ ತುದಿ ಬಿಚ್ಚಿ, ಒಂದು ಎಳೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದರು. "ಗಿರಣಿ ನೂಲು. ಎಲ್ಲಾ ಎಳಿ ಒಂದ ಸಮ ತಿರುವ್ಯಾವ. ಮನುಷ್ಯಾರ ಕೈಯಿಂದ ಹಿಂಗ ಆಗಂಗಿಲ್ಲ" ಎಂದರು.

ಎಳೆ ನೋಡುವುದು ಅವರ ಕಸುಬು. ಗಂಡ ತೀರಿಕೊಂಡ ಮೇಲೆ ಅಮರಗೋಳದ ಮಾರುಕಟ್ಟೆಯ ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷ ಕೂತು, ಹತ್ತಿಯನ್ನು ಬೆರಳಲ್ಲಿ ಎಳೆದು ಇದು ಸುಳ್ಳ ಗ್ರಾಮದ ಹೊಲದ್ದು, ಇದಕ್ಕೆ ನೀರು ಹೊಡೆದಿದ್ದಾರೆ, ಇದರಲ್ಲಿ ಹಳೇ ಮಾಲು ಬೆರೆಸಿದ್ದಾರೆ ಎಂದು ಹೇಳಿ ಗಂಡಸರ ಬಾಯಿ ಮುಚ್ಚಿಸಿದವರು. ಅಂಗಡಿ ಬಿಟ್ಟ ಮೇಲೆ ಆ ಬೆರಳುಗಳಿಗೆ ಕೆಲಸವಿಲ್ಲದಂತಾಗಿ, ನವನಗರದವರು ತಮ್ಮ ತಮ್ಮ ಗೋಜಲುಗಳನ್ನು ತಂದು ಅವರ ಮುಂದೆ ಸುರಿಯತೊಡಗಿದ್ದರು. ಮಹಿಳಾ ಮಂಡಳದ ಬೆಳ್ಳಿ ದೀಪ ಯಾರ ಮನೆಯ ಅಟ್ಟದಲ್ಲಿದೆ ಎಂದು ಕೂತಲ್ಲಿಂದಲೇ ಹೇಳಿದ್ದು ಹೋದ ವರ್ಷ. ಆ ವಿಚಾರಣೆಯ ಪ್ರತಿ ಮಾತನ್ನೂ ದಯಾವತಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಮಿಶನ್ ಶಾಲೆಯಲ್ಲಿ ಮೂವತ್ತಾರು ವರ್ಷ ಹಾಜರಿ ಹಾಕಿದ ಕೈ ಸುಮ್ಮನಿರುವುದಿಲ್ಲ.

ದಯಾವತಿ ಪ್ರವಾಸದ ಸುದ್ದಿ ಶುರುಮಾಡುವಷ್ಟರಲ್ಲಿ ಗೇಟು ದಡಾರನೆ ತೆರೆಯಿತು. ಬಂದವಳು ಶಾಜಿಯಾ. ದಯಾವತಿಯ ಹಳೇ ವಿದ್ಯಾರ್ಥಿನಿ. ಹುಬ್ಬಳ್ಳಿಯಲ್ಲಿ ಸಣ್ಣದೊಂದು ಟ್ರಾವೆಲ್ಸ್ ಇಟ್ಟುಕೊಂಡು, ಈ ಮಾಂಡವಿ ಪ್ರವಾಸಕ್ಕೆ ಹದಿನಾಲ್ಕು ಜನರನ್ನು ಕರೆದುಕೊಂಡು ಹೋಗಿದ್ದವಳು. ಕಣ್ಣು ಕೆಂಪಾಗಿದ್ದವು.

"ಅಜ್ಜೀ, ನೀವಾದ್ರೂ ಬರ್ರಿ. ಗುರುಸಿದ್ದಯ್ಯ ಅಜ್ಜಾರು ಇವತ್ತಿಗೆ ನಾಕನೇ ದಿನಾ ಉಂಡಿಲ್ರಿ. ಬರೇ ನೀರು. ಡಾಕ್ಟರು ಬಂದು, ನಾಳಿಗೆ ತಡಿಯಂಗಿಲ್ಲ ಅಂತ ಹೇಳ್ಯಾರ. ದವಾಖಾನಿಗೂ ಬರಂಗಿಲ್ಲ ಅಂತಾರ."

"ಲಿಂಗದ ಕರಡಿಗಿ ಸಿಗಲಿಲ್ಲೇನ?" ದಯಾವತಿ ಕೇಳಿದರು.

"ಸಮುದ್ರಕ್ಕ ಹೋದದ್ದು ಎಲ್ಲಿ ಸಿಗತೈತ್ರಿ ಟೀಚರ್? ಅವರ ಸೊಸಿ ರಾಜೇಶ್ವರಿ ಅಕ್ಕ ಈಗ ನನ್ನ ಮ್ಯಾಲೆ ಹೇಳಾಕತ್ತಾರ. ಅಜ್ಜಾರಿಗೆ ಶಾಲು ಹೊದಿಸಿದಾಕಿ ನೀನ, ಬೆಳ್ಳಿ ಆಸೆಕ್ಕ ನೀನ ತಗೊಂಡಿ ಅಂತ. ಮುಂದಿನ ತಿಂಗಳ ಟೂರಿಗೆ ಹೆಸರು ಬರಸಿದವ್ರೆಲ್ಲಾ ಬ್ಯಾಡ ಅಂದ್ರು. ಅದು ಹೋಗ್ಲಿ ಅಜ್ಜಿ. ಅಜ್ಜಾರಿಗೆ ಏನರ ಆದ್ರ ನಾ ಹೆಂಗ ಬದುಕಲಿ?" ಹುಡುಗಿ ಅತ್ತೇಬಿಟ್ಟಳು.

ಬಾಳವ್ವ ಅವಳನ್ನು ಹತ್ತಿರ ಕೂರಿಸಿಕೊಂಡು ನೀರು ಕುಡಿಸಿದರು. ಆಮೇಲೆ ಗೆಳತಿಯ ಕಡೆ ತಿರುಗಿದರು. "ಅಕ್ಕಾರ, ನೋಟ್‌ಬುಕ್ ತಗೀರಿ. ಮೊದಲಿಂದ ಹೇಳ್ರಿ. ನಿಮಗ ಏನೂ ಅಲ್ಲ ಅನಿಸಿದ್ದನ್ನೂ ಬಿಡಬ್ಯಾಡ್ರಿ."

ದಯಾವತಿ ಹೇಳಿದ್ದು ಹೀಗೆ.

ಮಾಂಡವಿಯ ಹುಚ್ಚು ಮೊದಲು ಹತ್ತಿದ್ದು ಬಡಿಗೇರ ಯಂಕಣ್ಣನಿಗೆ. ಹುಬ್ಬಳ್ಳಿಯ ಕಚ್ಛಿ ಸೇಟರೊಬ್ಬರ ಕಟ್ಟಿಗೆ ಅಡ್ಡೆಯಲ್ಲಿ ನಲವತ್ತು ವರ್ಷ ಗರಗಸ ಹಿಡಿದವನು. ನಮ್ಮೂರು ಮಾಂಡವಿಯ ಹೊಳೆ ದಂಡೆಯ ಮೇಲೆ ಕೈಯಿಂದಲೇ ಹಡಗು ಕಟ್ಟುತ್ತಾರೆ ಎಂದು ಸೇಟರು ಹೇಳಿದ್ದನ್ನು ಕೇಳಿ ಕೇಳಿ, ಸಾಯುವ ಮುಂಚೆ ಒಮ್ಮೆ ಅದನ್ನು ನೋಡಬೇಕೆಂದು ಹಟ ಹಿಡಿದಿದ್ದ. ಅವನ ಬಾಲ್ಯದ ಗೆಳೆಯರು ಉಪ್ಪಿನಬೆಟಗೇರಿಯ ಹಿರೇಮಠದ ಗುರುಸಿದ್ದಯ್ಯ. ಊರಿನ ಅರ್ಧದಷ್ಟು ಮನೆಗಳ ಕೂಸುಗಳಿಗೆ ಲಿಂಗ ಕಟ್ಟಿದ ಹಿರಿಯರು, ವಯಸ್ಸು ಎಪ್ಪತ್ತೆಂಟು. ಈಗ ಸೊಸೆ ರಾಜೇಶ್ವರಿ, ಅವಳ ಮಗ ಬಸವಕಿರಣ ಮತ್ತು ತಮ್ಮ ಕಿರಿಯ ಮಗ ಶಿವಯೋಗೀಶನ ಜೊತೆ ನವನಗರದಲ್ಲಿದ್ದರು. ಹಿರಿಯ ಮಗ ತೀರಿಕೊಂಡು ಆರು ವರ್ಷ. ಶಿವಯೋಗೀಶ ನಲವತ್ತು ದಾಟಿದರೂ ಮದುವೆಯಾಗದೆ ಅಪ್ಪನ ಸೇವೆಯಲ್ಲಿದ್ದ. ಮನೆಮಂದಿಯೆಲ್ಲ ಹೊರಟಿದ್ದರು, ಬಸವಕಿರಣನೊಬ್ಬ ಲಾ ಕಾಲೇಜಿನ ಪರೀಕ್ಷೆಯೆಂದು ಮನೆಯಲ್ಲೇ ಉಳಿದಿದ್ದ.

"ರೈಲಿನ್ಯಾಗ ಹೆಂಗಿದ್ರು ಎಲ್ಲಾರೂ?"

"ನಗತಾ ನಗತಾ ಇದ್ರಿ. ಶಿವಯೋಗೀಶ ಕಿಟಕಿ ಕಡೆ ಕುಂತು ಪೂಜಿಗೆ ಬತ್ತಿ ಹೊಸಿತಿದ್ದ. ಬೆರಳಿಗೆ ವಿಭೂತಿ ಹಚ್ಚಿಕೊಂಡು ಹೊಸಿಯೂದು ನೋಡಿ ರಾಜೇಶ್ವರಿ ಚಾಷ್ಟಿ ಮಾಡಿದ್ಲು, ನಮ್ಮ ತವರಮನ್ಯಾಗ ಹಾಲಿನ್ಯಾಗ ಬಟ್ಟು ಅದ್ದಿ ಹೊಸಿತಾರ, ಬತ್ತಿ ಬೆಳ್ಳಗ ಮಲ್ಲಿಗಿ ಹಂಗ ಇರತಾವ ಅಂತ. ಅವ ಏನಂದ ಗೊತ್ತೇನ್ರಿ? ರೈಲಿನ್ಯಾಗ ಹಾಲು ತರಾಕ ಎಮ್ಮಿ ಎಲ್ಲೈತಿ ವೈನೀ ಅಂದ. ಯಂಕಣ್ಣ ನಕ್ಕೂ ನಕ್ಕೂ ಚಾ ಚೆಲ್ಲಿಕೊಂಡ."

ಮಾಂಡವಿ ತಲುಪಿದ್ದು ಬುಧವಾರ. ಊರ ಪಕ್ಕದ ಹೊಳೆಯಲ್ಲಿ ಒಂದು ಚರಿಗೆ ನೀರಿರಲಿಲ್ಲ. ಕೆಸರಿನ ಮೇಲೆ, ಮೂರಂತಸ್ತಿನ ಮನೆಯಷ್ಟು ಎತ್ತರದ ಕಟ್ಟಿಗೆಯ ಹಡಗುಗಳು ಕಂಬಗಳ ಆಸರೆಯಲ್ಲಿ ನಿಂತಿದ್ದವು. ಮಧ್ಯಾಹ್ನ ದಾಬೇಲಿ ತಿಂದು ವಾಪಸು ಬಂದರೆ ಹೊಳೆ ತುಂಬಿ ದೋಣಿಗಳು ತೇಲುತ್ತಿದ್ದವು! ಗುರುಸಿದ್ದಯ್ಯನವರು ಗಾಬರಿಯಾಗಿ, "ಯಾವ ಡ್ಯಾಮಿನಿಂದ ನೀರು ಬಿಟ್ರವಾ?" ಎಂದು ಶಾಜಿಯಾಳನ್ನು ಕೇಳಿದ್ದರು. ಸಮುದ್ರದ ನೀರು ದಿನಕ್ಕೆರಡು ಸಲ ಹೀಗೆ ಬಂದು ಹೋಗುತ್ತದೆಂದು ಅವಳು ತಿಳಿಸಿ ಹೇಳಿದರೂ ಅವರಿಗೆ ಪೂರ್ತಿ ನಂಬಿಕೆ ಬಂದಂತಿರಲಿಲ್ಲ.

ಅರ್ಧ ಕಟ್ಟಿದ್ದ ಒಂದು ಹಡಗಿನೊಳಗೆ ಮೇಸ್ತ್ರಿ ಎಲ್ಲರನ್ನೂ ಹತ್ತಿಸಿದ್ದ. ಸಂದಿಗೆ ನೂಲು ತುರುಕುವುದನ್ನು ಒಬ್ಬೊಬ್ಬರಿಂದಲೂ ಮಾಡಿಸಿದ. ಕೊನೆಗೆ ಉಳಿಯನ್ನು ಬಡಿಯುವ ತನ್ನ ಕೊಡತಿ ತೋರಿಸಿ, ಇದು ನನ್ನಜ್ಜನದು, ಮುಂದೆ ಮೊಮ್ಮಗನಿಗೆ ಎಂದ. ಶಾಜಿಯಾ ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಗುರುಸಿದ್ದಯ್ಯನವರ ಕಣ್ಣು ತುಂಬಿ ಬಂದಿತ್ತು. ಎದೆಯ ಮೇಲಿನ ಕರಡಿಗೆ ಹಿಡಿದುಕೊಂಡು ಎಲ್ಲರೆದುರು ಹೇಳಿದರು: "ನಮ್ಮ ಮುತ್ಯಾನ ಕಾಲದ ಬೆಳ್ಳಿ ಕರಡಿಗಿ ಇದು. ಹಿರೇಮಠದ ಹಿರಿತನ ಯಾರದೋ ಅವರ ಕೊಳ್ಳಾಗ ಇರಬೇಕು. ಬರೋ ಸೋಮವಾರ ಬಸವಕಿರಣಗ ಹಾಕತೇನಿ. ನನ್ನ ಲಿಂಗಾ ನಾ ವಸ್ತ್ರದಾಗ ಕಟ್ಟಿಕೊಳ್ತೇನಿ."

"ಎಲ್ಲಾರೂ ಚಪ್ಪಾಳಿ ಹೊಡದ್ವಿ" ಎಂದರು ದಯಾವತಿ. "ರಾಜೇಶ್ವರಿ ಸೆರಗಿನಿಂದ ಕಣ್ಣು ಒರಸಿಕೊಂಡ್ಲು. ಯಂಕಣ್ಣ ಆ ಖುಷಿಗೆ, ಅದೇ ಮೇಸ್ತ್ರಿ ಮಾಡಿದ ಒಂದ್ ಮೊಳದ ಹಡಗ ಕೊಂಡು ಗೆಳೆಯಾಗ ಕೊಟ್ಟ. ಖರೇ ಹಡಗಿನಂಗನ ಅದರ ಸಂದಿಗೂ ಇದ ನೂಲು ತುರುಕ್ಯಾರ."

ಮರುದಿನ ಗುರುವಾರ ಬೆಳಿಗ್ಗೆ ಪೂಜೆ, ನಾಷ್ಟಾ ಮುಗಿಸಿ ಎಲ್ಲರೂ ಸಮುದ್ರಕ್ಕೆ ಹೋದರು. ಒಂದು ಕೈಯನ್ನು ಶಿವಯೋಗೀಶ, ಇನ್ನೊಂದನ್ನು ಯಂಕಣ್ಣ ಹಿಡಿದುಕೊಂಡು ಅಜ್ಜಾರನ್ನು ಮೊಣಕಾಲುದ್ದದ ನೀರಿಗೆ ಇಳಿಸಿದರು. ಒಂದು ತೆರೆ ಬಂದು ಮೂವರನ್ನೂ ಕೆಡವಿತು. ಮೇಲೆದ್ದು ಬಂದಾಗ ನಗುವೇ ನಗು. ಶಿವಯೋಗೀಶ ಅಪ್ಪನ ಮೈ ಒರೆಸಿ ಬಟ್ಟೆ ಬದಲಿಸಿದ, ರಾಜೇಶ್ವರಿ ಹಸಿ ಬಟ್ಟೆಗಳನ್ನು ಗಂಟು ಕಟ್ಟಿದಳು, ಶಾಜಿಯಾ ಶಾಲು ಹೊದಿಸಿದಳು, ಯಂಕಣ್ಣ ಕೈ ಹಿಡಿದು ಬಸ್ಸಿಗೆ ಕರೆತಂದ. ಬಸ್ಸು ಹೊರಡುವಾಗ ಅಜ್ಜಾರು ಎದೆ ಮುಟ್ಟಿಕೊಂಡರು. ಕರಡಿಗೆ ಇರಲಿಲ್ಲ. ಬಿಚ್ಚಿಟ್ಟ ಹಸಿ ಬನಿಯನ್ನಿನಲ್ಲಿ, ಕರಡಿಗೆ ಕಟ್ಟಿದ್ದ ಶಿವದಾರ ಮಾತ್ರ ಸಿಕ್ಕಿಕೊಂಡಿತ್ತು.

"ಎರಡು ತಾಸು ಉಸುಕು ಕೆದರಿದ್ವಿ. ಎಲ್ಲಾರ ಚೀಲಾನೂ ತಗದು ನೋಡಿದ್ವಿ. ತೆರಿ ಬಡದಾಗ ದಾರ ಹರಿದು ಹೋತು ಅಂತ ತೀರ್ಮಾನ ಮಾಡಿ ಮಧ್ಯಾಹ್ನನ ರೈಲಿಗೆ ಹೊರಟ್ವಿ. ಅವತ್ತಿಂದ ಅಜ್ಜಾರು ಒಂದ್ ತುತ್ತು ಬಾಯಿಗೆ ಹಾಕಿಲ್ಲ. ಕೊಳ್ಳಾಗ ಲಿಂಗ ಇಲ್ಲದ ಊಟ ಮುಟ್ಟಂಗಿಲ್ಲ ಅಂತಾರ."

"ಮುಟ್ಟಂಗಿಲ್ಲ" ಎಂದರು ಬಾಳವ್ವ, ಅದರಲ್ಲಿ ಕೇಳುವುದೇನಿದೆ ಎನ್ನುವಂತೆ. "ಕಾಲಕ್ಕೊಬ್ಬರು ಇರತಾರ ಅಂಥವರು. ಇನ್ನೇನರ ಐತೇನ ನೋಟ್‌ಬುಕ್ಕಿನ್ಯಾಗ?"

"ಏನಿಲ್ರಿ. ಹಡಗ ಹೊತ್ತು ಹೊತ್ತು ರಟ್ಟಿ ಬಿದ್ದು ಹೋದ್ವು, ವಯಸ್ಸಾತು ಅಂತ ಯಂಕಣ್ಣ ದಾರಿತುಂಬ ಅಂದ. ಅಷ್ಟ."

ಬಾಳವ್ವ ಕೋಲು ಹಿಡಿದು ಎದ್ದರು. ಹಡಗಿನ ನೂಲಿನ ಹುರಿಯನ್ನು ಮಡಚಿ ಸೆರಗಿನ ಗಂಟಿಗೆ ಕಟ್ಟಿಕೊಂಡರು.

ಗುರುಸಿದ್ದಯ್ಯನವರ ಮನೆ ಎರಡು ಓಣಿ ಆಚೆ. ಅಂಗಳದ ತುಂಬ ಉಪ್ಪಿನಬೆಟಗೇರಿಯಿಂದ ಬಂದ ಭಕ್ತರ ಚಪ್ಪಲಿಗಳು. ಒಳಕೋಣೆಯ ಮಂಚದ ಮೇಲೆ ಅಜ್ಜಾರು ಗೋಡೆಗೊರಗಿ ಕೂತಿದ್ದರು. ಕೆನ್ನೆ ಒಳಗೆ ಹೋಗಿತ್ತು, ಕಣ್ಣು ಮಾತ್ರ ಶಾಂತವಾಗಿತ್ತು. ಮಂಚದ ಪಕ್ಕದ ಮೇಜಿನ ಮೇಲೆ ಯಂಕಣ್ಣ ಕೊಟ್ಟ ಪುಟ್ಟ ಹಡಗು ನಿಂತಿತ್ತು. ಮಂಚದ ಕಾಲದೆಸೆಗೆ ಯಂಕಣ್ಣ ಕೂತಿದ್ದ, ಮೂರು ಮೊಳ ದೂರದಲ್ಲಿ ಶಿವಯೋಗೀಶ ನೆಲದ ಮೇಲೆ ಕೂತಿದ್ದ. ಅವನ ಮುಖವೂ ಬಾಡಿತ್ತು.

"ಇವನೂ ಗುರುವಾರದಿಂದ ಒಂದ್ ಅಗಳು ಬಾಯಾಗ ಹಾಕಿಲ್ರಿ" ಎಂದಳು ರಾಜೇಶ್ವರಿ. "ಅಪ್ಪಾ ಉಣ್ಣದ ಹೆಂಗ ಉಣ್ಣಲಿ ಅಂತಾನ. ಇಂಥಾ ಮಗ ಯಾರಿಗೆ ಸಿಗತಾನ?" ಶಾಜಿಯಾಳ ಕಡೆ ಕಣ್ಣು ಹೋದದ್ದೇ ದನಿ ಏರಿತು. "ಈಕೀನ ಯಾಕ ಕರಕೊಂಡ್ ಬಂದ್ರಿ?"

"ನಾ ಕರದೇನಿ. ಕುಂಡ್ರಲಿ" ಎಂದರು ಬಾಳವ್ವ. ಮಂಚದ ಹತ್ತಿರ ಹೋಗಿ ಕೈ ಮುಗಿದರು. "ಶರಣ್ರಿ ಅಜ್ಜಾರ. ಮಠದ ಸ್ವಾಮಿಗಳು ಹೊಸಾ ಲಿಂಗ ಕಟ್ಟತೇನಿ ಅಂದ್ರಂತ?"

ಅಜ್ಜಾರು ನಿಧಾನವಾಗಿ ಉತ್ತರ ಕೊಟ್ಟರು. "ಅದು ನಮ್ಮವ್ವ ತೊಟ್ಟಲದಾಗ ಕಟ್ಟಿಸಿದ್ದವಾ. ಎಪ್ಪತ್ತೆಂಟು ವರ್ಷ ಒಂದ್ ದಿನಾ ಮೈ ಬಿಟ್ಟಿಲ್ಲ. ಊರ ಮಂದಿಗೆಲ್ಲಾ ನಾ ಹೇಳಿದ್ದೇನು? ಪ್ರಾಣ ಹೋದ್ರೂ ಬಿಡಬ್ಯಾಡ್ರಿ ಅಂತ. ಈಗ ನನ್ನ ಪಾಳಿಗೆ ಬಂದಾಗ ಹೊಸಾದು ಕಟ್ಟಿಕೊಂಡು ಹೋಳಿಗಿ ಉಣ್ಣಲೇನು?"

ಬಾಳವ್ವ ರಾಜೇಶ್ವರಿಯ ಕಡೆ ತಿರುಗಿದರು. ಶಿವದಾರ ಕೊಡಿ ಎಂದರು. ರಾಜೇಶ್ವರಿ ದೇವರ ಕೋಣೆಯಿಂದ ತಟ್ಟೆಯಲ್ಲಿ ತಂದಳು. ಕಿಟಕಿಯ ಬೆಳಕಿಗೆ ಹಿಡಿದು ದಾರದ ಎರಡು ತುದಿಗಳನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ಮೇಜಿನ ಕಡೆ ಬಂದು ಹಡಗಿನ ಮೇಲೆ ಕೈಯಾಡಿಸಿದರು.

"ಯಂಕಣ್ಣ, ಕೈ ತಪ್ಪಿ ಎಲ್ಲ್ಯರ ಬೀಳಿಸಿದ್ಯೇನೋ ಇದನ್ನ?"

"ಇಲ್ಲ ಬಿಡವಾ! ಕೂಸಿನಂಗ ಎತ್ತಿಕೊಂಡ್ ಬಂದೇನಿ. ಲಾಡ್ಜಿನ್ಯಾಗ, ರೈಲಿನ್ಯಾಗ ನನ್ನ ತಲಿದೆಸಿಗೇ ಇತ್ತು."

"ಲಾಡ್ಜಿನ್ಯಾಗ ಯಾರ್ ಯಾರ್ ಒಂದ ಖೋಲ್ಯಾಗ ಇದ್ರಿ?"

"ನಾನು, ಇವರು, ಶಿವಯೋಗೀಶ. ಹೆಣಮಕ್ಳೆಲ್ಲಾ ಮ್ಯಾಲಿನ ಮಾಳಿಗ್ಯಾಗ. ಗುರುವಾರ ಚೀಲಾ ಕಟ್ಟಾಕ ತಾಸೊಪ್ಪತ್ತು ಹೋಗಿದ್ವಿ. ನಾ ಇವರನ್ನ ಕೆಳಗ ಬಾಕಿನ ಮ್ಯಾಲೆ ಕುಂಡ್ರಿಸಿಕೊಂಡಿದ್ದೆ. ಚೀಲಾ ತುಂಬಾಕ ರಾಜೇಶ್ವರೀನೂ ಕೆಳಗಿನ ಖೋಲಿಗೆ ಬಂದು ಹೋದ್ಲು."

ಬಾಳವ್ವನ ಉಗುರು ಹಡಗಿನ ಮೇಲಟ್ಟದ ಒಂದು ಸಂದಿಯ ಹತ್ತಿರ ನಿಂತಿತು. ಅಲ್ಲಿಂದ ಏನೋ ಚಿವುಟಿ ತೆಗೆದು ಬೆರಳ ನಡುವೆ ಹೊಸಕಿ, ಕಪ್ಪು ಇಳಕಲ್ ಸೀರೆಯ ಮಡಿಲಿಗೆ ಒರೆಸಿಕೊಂಡರು. ಸೀರೆಯ ಮೇಲೆ ಬೂದಿಬಣ್ಣದ ಸಣ್ಣ ಗೆರೆ ಮೂಡಿದ್ದನ್ನು ದಯಾವತಿ ನೋಡಿದರು. ನೋಡಿ, ನೋಟ್‌ಬುಕ್ಕಿನಲ್ಲಿ ಬರೆದರು ಕೂಡ. ಅದರ ಅರ್ಥವಾಗಲಿಲ್ಲ. ಅವರ ಅನುಮಾನವೆಲ್ಲ ಯಂಕಣ್ಣನ ಮೇಲಿತ್ತು: ನೀರಿನಲ್ಲೂ ಜೊತೆಗಿದ್ದವನು ಅವನೇ, ಬಸ್ಸಿಗೆ ಕರೆತಂದವನೂ ಅವನೇ.

"ಹೊರಗಿನ ಮಂದೀನ ಅಂಗಳಕ್ಕ ಕಳಸ್ರಿ" ಎಂದರು ಬಾಳವ್ವ. "ಬಸವಕಿರಣನ್ನ ಕರೀರಿ. ಬಾಗಲಾ ಮುಂದಕ್ಕ ಮಾಡ್ರಿ."

ಕೋಣೆಯಲ್ಲಿ ಉಳಿದವರು ಎಂಟು ಜನ. ಬಾಳವ್ವ ಕುರ್ಚಿಯಲ್ಲಿ ಕೂತು, ಮಾರುಕಟ್ಟೆಯಲ್ಲಿ ದರ ಹೇಳುವಾಗಿನ ದನಿಯಲ್ಲಿ ಶುರುಮಾಡಿದರು.

"ಅಜ್ಜಾರ, ಮೊದಲ ಮಾತು. ನಿಮ್ಮ ಲಿಂಗ ಸಮುದ್ರಕ್ಕ ಹೋಗಿಲ್ಲ."

ಅಜ್ಜಾರ ಬೆನ್ನು ಗೋಡೆ ಬಿಟ್ಟು ನೆಟ್ಟಗಾಯಿತು.

"ಹತ್ತಿ ದಾರ ಹರಿದ್ರ ಅದರ ಎಳಿ ಒಂದ್ ಮುಂದ ಒಂದ್ ಹಿಂದ ಹರಿತಾವ. ತುದಿ ಗಡ್ಡದಂಗ ಚೂಪಾಗತೈತಿ. ನೋಡ್ರಿ ಇಲ್ಲಿ" ಎಂದು ಶಿವದಾರ ಎತ್ತಿ ಹಿಡಿದರು. "ಎರಡೂ ತುದಿ ಮೊಂಡ. ಎಲ್ಲಾ ಎಳೀನೂ ಒಂದ ಅಳತಿ. ತೆರಿ ಹರಿದದ್ದಲ್ಲ ಇದು, ಕತ್ರಿ ಕಡದದ್ದು. ಅಂದ್ರ ತಗದವರು ನಿಮ್ಮ ಮೈಗೋ ಬಟ್ಟಿಗೋ ಕೈ ಹಚ್ಚಿದ ನಾಲ್ಕು ಮಂದ್ಯಾಗ ಒಬ್ರು."

"ನಾ ಹೇಳಲಿಲ್ಲೇನ್ರಿ" ಎಂದು ರಾಜೇಶ್ವರಿ ಶುರುಮಾಡಿದಳು.

"ತಡಿಯವಾ. ಅವತ್ತ ಎಲ್ಲಾರ ಚೀಲಾ ನೋಡಿದ್ರಿ, ಎಲ್ಲೂ ಸಿಗಲಿಲ್ಲ. ನೋಡದ ಬಿಟ್ಟದ್ದು ಒಂದ. ಈ ಹಡಗ. ಯಂಕಣ್ಣ, ಬರೂ ದಾರ್ಯಾಗ ನಿನ್ನ ರಟ್ಟಿ ಸೋತದ್ದು ವಯಸ್ಸಿಗಲ್ಲೋ. ಹಡಗ ಖರೇನ ಭಾರ ಆಗಿತ್ತು."

ಯಂಕಣ್ಣ ಹಡಗನ್ನು ಎತ್ತಿ ತೂಗಿ ನೋಡಿ ವಾಪಸಿಟ್ಟ.

ಬಾಳವ್ವ ಸೆರಗಿನ ಗಂಟು ಬಿಚ್ಚಿ ಕಂದು ಹುರಿಯನ್ನು ಹಡಗಿನ ಪಕ್ಕ ಇಟ್ಟರು. "ಇದು ಅಕ್ಕಾರು ತಂದ ನೂಲು. ಮೇಸ್ತ್ರಿ ತುರುಕಿದ್ದು ಇದನ್ನ, ಗಿರಣಿ ನೂಲನ್ನ. ಹಡಗಿನ ಎಲ್ಲಾ ಸಂದ್ಯಾಗೂ ಅದ ಐತಿ. ಮೇಲಟ್ಟದ ಈ ಒಂದ್ ಹಲಿಗಿ ಸುತ್ತ ಮಾತ್ರ ಬಿಡಿ ಹತ್ತಿ ಅರಳಿ ಐತಿ. ನೂತದ್ದಲ್ಲ, ಕೈಯಾಗ ಹೊಸದದ್ದು. ಮ್ಯಾಲೆ ತಲಿಗೆ ಹಚ್ಚೂ ಕೊಬ್ರಿ ಎಣ್ಣಿ ಸವರ್‍ಯಾರ, ಬಣ್ಣ ಕೂಡಲಿ ಅಂತ. ಯಾರೋ ಹಲಿಗಿ ಎಬ್ಬಿಸಿ, ಒಳಗ ಕರಡಿಗಿ ಇಟ್ಟು, ಹಲಿಗಿ ಸರಿಯಾಗಿ ಕೂಡದ್ದಕ್ಕ ಅರಳಿ ತುರುಕ್ಯಾರ. ತುರುಕೂದು ಹೆಂಗ ಅಂತ ಹಿಂದಿನ ದಿನಾನ ಕಲ್ತಿದ್ರಲ್ಲ."

"ಹಂಗಾರ ಯಂಕಣ್ಣನ" ಎಂದು ದಯಾವತಿಯ ಬಾಯಿಂದ ಹೊರಬಿತ್ತು.

"ಅಕ್ಕಾರ, ನಲವತ್ತು ವರ್ಷದ ಬಡಿಗ್ಯಾ ಹಲಿಗಿ ಎಬ್ಬಿಸಿ ಕೂಡಿಸಿದ್ರ ಕೂದಲ ತೂರೂವಷ್ಟು ಸಂದೀನೂ ಉಳಿತಿದ್ದಿಲ್ಲ. ಅವಗ ಅರಳಿ ಯಾಕ ಬೇಕು?"

ಯಂಕಣ್ಣ ದಯಾವತಿಯನ್ನು ದುರುಗುಟ್ಟಿ ನೋಡಿದ. ದಯಾವತಿ ನೋಟ್‌ಬುಕ್ಕಿನ ಪುಟ ತಿರುವಿದರು.

"ಶಾಜಿಯಾ ಆ ಖೋಲಿಗೆ ಹೋಗಿಲ್ಲ, ಆಕಿ ಕಡೆ ಅರಳೀನೂ ಇಲ್ಲ. ಅರಳಿ ಇದ್ದದ್ದು ಪೂಜಾ ಚೀಲದಾಗ. ಆ ಚೀಲಕ್ಕ ಕೈ ಹಾಕೂವ್ರು ಇಬ್ರು. ಇಬ್ರೂ ಬತ್ತಿ ಹೊಸಿಯೂವ್ರ. ರಾಜೇಶ್ವರಿ ಹಾಲಿನ್ಯಾಗ ಬಟ್ಟು ಅದ್ದತಾಳ." ಬಾಳವ್ವ ಸೀರೆಯ ಮೇಲಿನ ಬೂದಿಬಣ್ಣದ ಗೆರೆಯನ್ನು ತೋರಿಸಿದರು. "ಈ ಅರಳ್ಯಾಗ ಎಣ್ಣಿ ತಾಗದ ಒಳಗಿನ ಭಾಗದಾಗ ವಿಭೂತಿ ಐತಿ. ಅವಸರ, ಅಂಜಿಕಿ, ಕಳವಿನ ಕೆಲಸ. ಆದ್ರೂ ಅರಳಿ ಕೈಗೆ ಬಂದ ಕೂಡ್ಲೆ ಬಟ್ಟು ತಾನ ವಿಭೂತಿ ಡಬ್ಬಿಗೆ ಹೋತು. ಇಪ್ಪತ್ತು ವರ್ಷದ ರೂಢಿ ಅದು. ಕೈ ತನ್ನ ಕೆಲಸ ಮಾಡಿಬಿಡ್ತು, ಯಜಮಾನನ ಕೇಳಲಿಲ್ಲ. ಹೌದಲ್ಲೋ ಶಿವಯೋಗೀಶ?"

ಶಿವಯೋಗೀಶ ತಲೆ ತಗ್ಗಿಸಿಯೇ ಇದ್ದ. ಅವನ ಭುಜಗಳು ಅಲುಗತೊಡಗಿದವು.

"ಇವಾ?" ಎಂದಳು ರಾಜೇಶ್ವರಿ. "ಸುಳ್ಳ ಹೇಳಬ್ಯಾಡ್ರಿ. ಇವಾ ಉಪಾಸ ಅದಾನ..."

"ಯಾಕ ಅಂತ ಅವನ್ನ ಕೇಳು."

"ತಗದವ ನಾನ" ಎಂದ ಶಿವಯೋಗೀಶ. "ಅಪ್ಪನ ಮೈ ಒರಸೂಮುಂದ ದಾರ ಕಡದೆ. ಉಟ್ಟ ಬಟ್ಟ್ಯಾಗ ಮುಚ್ಚಿಟ್ಟುಕೊಂಡಿದ್ದೆ, ಲಾಡ್ಜಿನ್ಯಾಗ ಹಡಗಿಗೆ ಇಟ್ಟೆ. ರೈಲಿನ್ಯಾಗ ಮೈ ಮ್ಯಾಲೆ ಇಟ್ಟುಕೊಂಡ್ರ ಸಿಕ್ಕಬೀಳತೇನಿ ಅಂತ. ಮುಚ್ಚಳಾ ತಗದಿಲ್ಲ, ಶಿವನಾಣೆ, ಲಿಂಗಾ ಮುಟ್ಟಿಲ್ಲ. ಕರಡಿಗಿ ಇಲ್ಲಂದ್ರ ಸೋಮವಾರದ ಕಾರ್ಯ ನಿಲ್ಲತೈತಿ ಅಂದುಕೊಂಡೆ. ಸ್ವಾಮಿಗಳು ಬಂದು ಅಪ್ಪಗ ಹೊಸಾ ಲಿಂಗ ಕಟ್ಟತಾರ, ಅಪ್ಪಾ ಉಣ್ಣತಾನ ಅಂದುಕೊಂಡೆ. ಅಪ್ಪಾ ಒಲ್ಲೆ ಅಂದ. ತಗದು ಕೊಡಬೇಕಂದ್ರ ಖೋಲಿ ತುಂಬ ಮಂದಿ, ಒಂದ್ ನಿಮಿಷ ಬರಿದಾಗಲಿಲ್ಲ. ಹೇಳಾಕ ಬಾಯಿ ಬರಲಿಲ್ಲ. ಉಣ್ಣಾಕೂ ಬಾಯಿ ಬರಲಿಲ್ಲ."

ದಯಾವತಿಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಕರುಣೆ. ರೈಲಿನ ಕಿಟಕಿಯ ಪಕ್ಕ ಕೂತು ನಗುನಗುತ್ತ ಬತ್ತಿ ಹೊಸೆಯುತ್ತಿದ್ದವನು ಇವನೇ, ಮತ್ತು ಹಡಗಿನೊಳಗೆ ಎಲ್ಲರೂ ಚಪ್ಪಾಳೆ ತಟ್ಟಿದಾಗ ಇವನ ಮುಖ ಹೇಗಿತ್ತೆಂದು ತಾವು ನೋಡಿಯೇ ಇರಲಿಲ್ಲ.

ಯಂಕಣ್ಣ ಅಡುಗೆಮನೆಯಿಂದ ಚಾಕು ತಂದು ಹಲಗೆ ಎಬ್ಬಿಸಿದ. ಹಡಗಿನ ಹೊಟ್ಟೆಯಲ್ಲಿ, ಅದೇ ಅರಳೆಯ ಮೆತ್ತೆಯ ಮೇಲೆ, ಬೆಳ್ಳಿಯ ಕರಡಿಗೆ ಕೂತಿತ್ತು. ಬಸವಕಿರಣ ಕೈ ಚಾಚಿದ. ಬಾಳವ್ವ ತಡೆದರು. "ಮತ್ತೊಬ್ಬರ ಲಿಂಗಕ್ಕ ಯಾರೂ ಕೈ ಹಚ್ಚಬಾರದು. ಹಡಗನ್ನ ಅಜ್ಜಾರ ಮುಂದ ಹಿಡೀರಿ."

ಗುರುಸಿದ್ದಯ್ಯನವರು ಕರಡಿಗೆ ತೆಗೆದು, ಮುಚ್ಚಳ ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರು. ಕಣ್ಣಿಗೊತ್ತಿಕೊಂಡರು. ಆಮೇಲೆ ಮಗನನ್ನು ನೋಡಿದರು.

"ನಿನಗ ಹಿರಿತನ ಬೇಕಾಗಿತ್ತಂದ್ರ ಒಂದ್ ಮಾತು ಕೇಳಬಾರದಾಗಿತ್ತೇನೋ?"

"ಕೇಳಬೇಕಾಗತೈತಿ ಅಂತ ಗೊತ್ತಿದ್ದಿಲ್ಲಪ್ಪಾ" ಎಂದ ಶಿವಯೋಗೀಶ.

ಮುದುಕರ ಮುಖ ಬಿಗಿಯಿತು, ಆಮೇಲೆ ಸಡಿಲವಾಯಿತು. ಇಪ್ಪತ್ತು ವರ್ಷ ತಮ್ಮ ಪೂಜೆಗೆ ನೀರು ತಂದ, ಬತ್ತಿ ಹೊಸೆದ, ಬೆನ್ನು ತಿಕ್ಕಿದ ಮಗ. ಹೆಂಡತಿ ಮಕ್ಕಳಿಲ್ಲ, ಮುಂದೆ ವಂಶವಿಲ್ಲ ಎಂಬ ಒಂದೇ ಕಾರಣಕ್ಕೆ ಅವನ ಹೆಸರು ಅವರಿಗೆ ಹೊಳೆದಿರಲೇ ಇಲ್ಲ.

"ಅಜ್ಜಾ, ಖರೇ ಹೇಳ್ಲೇನು?" ಬಸವಕಿರಣ ಮೆಲ್ಲಗೆ ಅಂದ. "ನನಗ ಮಂತ್ರಾನೂ ಬರಂಗಿಲ್ಲ, ಮನಸ್ಸೂ ಇಲ್ಲ. ನಿನಗ ಬ್ಯಾಸರಾಗತೈತಿ ಅಂತ ಸುಮ್ನಿದ್ದೆ. ಕಾಕಾಗ ಕೊಡು."

"ಕೊಡೂದು ಬಿಡೂದು ಸೋಮವಾರದ ಮಾತಲ್ಲ ಇನ್ನ" ಎಂದರು ಅಜ್ಜಾರು. ಖಾಲಿ ಕರಡಿಗೆಯನ್ನು ಹಡಗಿನೊಳಗೇ ವಾಪಸಿಟ್ಟರು. "ಒಂದ್ ವರ್ಷ ಇಲ್ಲೇ ಇರಲಿ ಇದು. ಕದ್ದ ಕೈಗೆ ಇವತ್ತ ಕೊಟ್ರ ನಾ ತಪ್ಪು ಮಾಡಿದಂಗ. ಕೇಳದ ಬ್ಯಾರೆಯವರಿಗೆ ಕೊಡತೇನಿ ಅಂದದ್ದು ಅದಕೂ ದೊಡ್ಡ ತಪ್ಪು, ಅದನ್ನ ಆಗಲೇ ಮಾಡೇನಿ." ಲಿಂಗವನ್ನು ಬಿಳಿ ವಸ್ತ್ರದಲ್ಲಿ ಕಟ್ಟಿ ಎದೆಗೇರಿಸಿಕೊಂಡು ಶಾಜಿಯಾಳನ್ನು ಹತ್ತಿರ ಕರೆದರು. "ತಂಗೀ, ನಮ್ಮ ಮನೀ ಕಳವು ನಿನ್ನ ತಲಿಗೆ ಬಂತು. ಕೈ ಮುಗಿತೇನಿ. ಅಂಗಳದಾಗ ಊರ ಮಂದಿ ಅದಾರ, ಅವರ ಮುಂದ ಈಗ ನಾನ ಹೇಳತೇನಿ. ಮುಂದಿನ ಟೂರಿಗೆ ಮೊದಲ ಹೆಸರು ನನ್ನದು ಬರಕೋ. ಎರಡನೇದು ರಾಜೇಶ್ವರೀದು."

ರಾಜೇಶ್ವರಿ ಸೆರಗು ಬಾಯಿಗೆ ಒತ್ತಿಕೊಂಡು ಶಾಜಿಯಾಳ ಕೈ ಹಿಡಿದಳು. "ತಪ್ಪಾತವಾ" ಎಂದಷ್ಟೇ ಹೇಳಲಾಯಿತು ಅವಳಿಗೆ. ಆಮೇಲೆ ಗಂಜಿ ಕಾಸಲು ಒಳಗೆ ಹೋದಳು.

ಬಾಳವ್ವ ಕೋಲು ಹುಡುಕಿಕೊಂಡು ಏಳುತ್ತಿದ್ದರು. ದಯಾವತಿ ನೋಟ್‌ಬುಕ್ ಮುಚ್ಚಿ ಹೊಸ್ತಿಲು ದಾಟುವಾಗ ಹಿಂದಿನಿಂದ ಅಜ್ಜಾರ ದನಿ ಕೇಳಿತು. ನಾಲ್ಕು ದಿನದ ಉಪವಾಸದ ದನಿ, ಆದರೆ ಮನೆಯ ಯಜಮಾನನದು.

"ಶಿವ್ಯಾ, ಪೂಜಾ ಆಗಲಾರದ ನಾ ಗಂಜಿ ಮುಟ್ಟಂಗಿಲ್ಲ. ಕಣ್ಣೀರು ಒರಸಿಕೊಂಡು ಎರಡ ಬತ್ತಿ ಹೊಸಿ. ಆಮ್ಯಾಲ ಇಬ್ರೂ ಕೂಡೇ ಉಣ್ಣೂಣು."

ದಯಾವತಿ ತಿರುಗಿ ನೋಡಿದರು. ಶಿವಯೋಗೀಶ ಅರಳೆ ಬಿಡಿಸಿಕೊಂಡಿದ್ದ. ಕೆನ್ನೆ ಇನ್ನೂ ಒದ್ದೆಯಾಗಿತ್ತು. ಬೆರಳು ಮಾತ್ರ ಎಂದಿನಂತೆ ವಿಭೂತಿಯ ಡಬ್ಬಿಗೆ ಹೋಗಿ ಬಂತು.